ಮೂಳೆಯ ಬಯಾಪ್ಸಿ: ಡೀಕ್ಯಾಲ್‌ನಲ್ಲಿ ಅವಸರ ಬೇಡ

ಸ್ತನ ಕ್ಯಾನ್ಸರ್ ಮೂಳೆಗೆ ಹೇಗೆ ಹಬ್ಬುತ್ತದೆ ಎಂಬ ಸಂಶೋಧನೆ ನಡೆಯುವುದು ದೊಡ್ಡ ಊರುಗಳಲ್ಲಿ. ಅಲ್ಲಿಗೆ ಹೋಗುವ ರೋಗಿಯ ಮೂಳೆಯ ಚೂರು ಕೆಡುವುದು ಮಾತ್ರ ನಮ್ಮಂಥ ಲ್ಯಾಬುಗಳಲ್ಲೇ, ಸುಣ್ಣದಂಶ ತೆಗೆಯುವಾಗ, ಅಂದರೆ ಡೀಕ್ಯಾಲ್ ಮಾಡುವಾಗ.

ಮಡಿಕೇರಿಯಲ್ಲಿ ನಾವು ಆಸಿಡ್ ಬಿಟ್ಟು ಇಡಿಟಿಎ (ಕ್ಯಾಲ್ಸಿಯಂ ಅನ್ನು ಮೆಲ್ಲಗೆ ಸೆಳೆದು ತೆಗೆಯುವ ರಾಸಾಯನಿಕ) ಹಿಡಿದಿದ್ದೇವೆ. ನೈಟ್ರಿಕ್ ಆಸಿಡ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಮೂಳೆ ಮೆತ್ತಗಾಗುತ್ತದೆ, ನಿಜ. ಆದರೆ ಡಿಎನ್‌ಎ ಚೂರುಚೂರಾಗಿ ಹರ್-2 ಜೀನ್ ಹೆಚ್ಚಿದೆಯೇ ಎಂದು ನೋಡುವ ಫಿಶ್ ಪರೀಕ್ಷೆ ಕೈಕೊಡುತ್ತದೆ, ಇಆರ್ (ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ) ಇದ್ದರೂ ಇಲ್ಲವೆಂದು ಕಾಣಬಹುದು. ಆಗ ರೋಗಿಗೆ ಸಿಗಬೇಕಾದ ಹಾರ್ಮೋನ್ ಮಾತ್ರೆ ತಪ್ಪುತ್ತದೆ; ಗೆಡ್ಡೆ ಮೂಳೆಗೆ ಹೋಗಿ ಗುಣ ಬದಲಿಸಿತು ಎಂಬ ಸುಳ್ಳು ತೀರ್ಮಾನವೂ ಹುಟ್ಟುತ್ತದೆ.

ಬಯಾಪ್ಸಿಯ ಬಾಟಲಿ ಬಂದೊಡನೆ ಒಳಗಿರುವುದನ್ನು ಬೇರ್ಪಡಿಸಬೇಕು. ಮೆತ್ತಗಿನ ಚೂರು, ರಕ್ತದ ಹೆಪ್ಪು ಇದ್ದರೆ ಅವನ್ನು ಡೀಕ್ಯಾಲ್ ಮಾಡದೆ ಬೇರೆ ಬ್ಲಾಕ್ (ಮೇಣದ ಅಚ್ಚು) ಮಾಡಿ. ಎಷ್ಟೋ ಸಲ ಗೆಡ್ಡೆಯ ಕೋಶಗಳು ಅದರಲ್ಲೇ ಸಿಕ್ಕಿಬಿಡುತ್ತವೆ. ಗಟ್ಟಿ ಚೂರು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ. ಫಿಕ್ಸ್ ಆಗುವ, ಅಂದರೆ ಫಾರ್ಮಲಿನ್ ಕೋಶಗಳನ್ನು ಕೆಡದಂತೆ ಹಿಡಿದಿಡುವ ಮುಂಚೆ ಡೀಕ್ಯಾಲ್‌ಗೆ ಹಾಕಲೇಬೇಡಿ.

ದ್ರಾವಣಕ್ಕೆ 140 ಗ್ರಾಂ ಡೈಸೋಡಿಯಂ ಇಡಿಟಿಎ, ಒಟ್ಟು 1 ಲೀಟರ್ ಆಗುವಷ್ಟು ಡಿಸ್ಟಿಲ್ಡ್ ನೀರು. ಮೊದಲು ಪುಡಿ ಪೂರ್ತಿ ಕರಗುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪಸ್ವಲ್ಪವೇ ಹಾಕುತ್ತ ಪಿಎಚ್ 7.2ರಿಂದ 7.4ಕ್ಕೆ ತಂದಾಗ ತಿಳಿಯಾಗುತ್ತದೆ. ಚೂರಿನ 20 ಪಟ್ಟು ದ್ರಾವಣ ಹಾಕಿ, ದಿನಾ ಬದಲಿಸಿ. ಸೂಜಿಯಿಂದ ತೆಗೆದ ತೆಳು ಚೂರಿಗೂ ಒಂದೆರಡು ದಿನ ಬೇಕು. ಕಕ್ಕಡ ತಿಂಗಳ ಮಳೆ-ಚಳಿಯಲ್ಲಿ ಮೇಜಿನ ಮೇಲಿಟ್ಟರೆ ಇನ್ನೂ ನಿಧಾನ; 37 ಡಿಗ್ರಿ ಇನ್‌ಕ್ಯುಬೇಟರ್ ಆದೀತು, ಕರೆಂಟ್ ಇದ್ದರೆ. ಮೆತ್ತಗಾಯಿತೇ ಎಂದು ಪಿನ್ ಚುಚ್ಚಿ ನೋಡಬೇಡಿ, ತೂತು ಸ್ಲೈಡಿನಲ್ಲಿ ಕಾಣುತ್ತದೆ. ಮೆಲ್ಲಗೆ ಬಗ್ಗಿಸಿ ನೋಡಿ, ಇಲ್ಲವೇ ಎಕ್ಸ್‌-ರೇ ತೆಗೆಯಿರಿ.

ಮೂಳೆಯಲ್ಲಿ ಇಆರ್‌ಗೆ ಹೋಲಿಸಿ ನೋಡಲು ಸಹಜ ಸ್ತನದ ನಾಳಗಳಿರುವುದಿಲ್ಲ. ಅದಕ್ಕೆ, ಇಆರ್ ಪಾಸಿಟಿವ್ ಎಂದು ಗೊತ್ತಿರುವ ಸ್ತನದ ಚೂರೊಂದನ್ನು ಅದೇ ದ್ರಾವಣದಲ್ಲಿ ಅಷ್ಟೇ ಹೊತ್ತು ಇಟ್ಟು ಕಂಟ್ರೋಲ್ ಆಗಿ ಬಳಸುತ್ತೇವೆ.

ಸಂಶೋಧಕರಿಗೆ ಇಷ್ಟೇ ಸಾಲದು. ಕ್ಯಾನ್ಸರ್ ಕೋಶಗಳು ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಬಿಡುತ್ತವೆ. ಅದರಿಂದ ಮೂಳೆ ಕಟ್ಟುವ ಕೋಶಗಳಲ್ಲಿ ರ‍್ಯಾಂಕ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಹೆಚ್ಚಿ, ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್‌ಗಳು ಎದ್ದೇಳುತ್ತವೆ. ಕರಗಿದ ಮೂಳೆಯಿಂದ ಹೊರಬಂದ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಪ್ರೋಟೀನ್ ಮತ್ತೆ ಗೆಡ್ಡೆಯನ್ನೇ ಪೋಷಿಸುತ್ತದೆ. ಆ ಆಸ್ಟಿಯೋಕ್ಲಾಸ್ಟ್‌ಗಳನ್ನು ಎಣಿಸಲು ಹಾಕುವ ಟ್ರ್ಯಾಪ್ ಸ್ಟೇನ್ (ಬಣ್ಣ) ಅವುಗಳಲ್ಲಿರುವ ಕಿಣ್ವವನ್ನು ನಂಬಿದೆ, ಆಸಿಡ್‌ಗೆ ಆ ಕಿಣ್ವ ಉಳಿಯುವುದಿಲ್ಲ. ಹಾಗಾಗಿ ಮೈಸೂರಿಗೋ ಬೆಂಗಳೂರಿಗೋ ಬ್ಲಾಕ್ ಕಳಿಸುವಾಗ ಫಾರಂನಲ್ಲಿ ಡೀಕ್ಯಾಲ್ ದ್ರಾವಣ ಯಾವುದು, ಎಷ್ಟು ಗಂಟೆ ಎಂದು ಬರೆದೇ ಕಳಿಸಿ.