ಯುದ್ಧದಲ್ಲಿ ಹಾರಿದ ಪೈಲಟ್‌ರನ್ನು ಮಾತಾಡಿಸಲು ಹೋಗುವವರಿಗೆ

ಅಮೆರಿಕದಲ್ಲಿ ಸ್ವಂತ ವಿಮಾನದಲ್ಲಿ ರೋಗಿಗಳನ್ನು ದೂರದ ಆಸ್ಪತ್ರೆಗೆ ಪುಕ್ಕಟೆಯಾಗಿ ಕರೆದೊಯ್ಯುವ ಸ್ವಯಂಸೇವಕ ಪೈಲಟ್‌ಗಳಿದ್ದಾರೆ. ಅವರ ನಡುವೆ ವಿಯೆಟ್ನಾಂ ಯುದ್ಧದಲ್ಲಿ ಹಾರಿ ಬಂದು, ಈಗ ಎಪ್ಪತ್ತೈದು ದಾಟಿದವರೂ ಸಿಗುತ್ತಾರೆ. ಅವರ ಅನುಭವ ದಾಖಲಿಸಬೇಕು ಅನ್ನುವವರು ಸಾಮಾನ್ಯವಾಗಿ ಎಡವುವುದು ಮೊದಲ ಪ್ರಶ್ನೆಯಲ್ಲೇ: ‘ಈ ವಯಸ್ಸಲ್ಲೂ ಹಾರಿಸ್ತೀರಾ?’

ಅದನ್ನು ಕೇಳಬೇಡಿ, ಉತ್ತರ ನಿಯಮದಲ್ಲೇ ಇದೆ. ಏರ್‌ಲೈನ್ ಪೈಲಟ್‌ಗಳಿಗೆ 65ರ ಮಿತಿ ಉಂಟು. ಖಾಸಗಿ ಹಾರಾಟಕ್ಕೆ ವಯಸ್ಸಿನ ಮಿತಿಯೇ ಇಲ್ಲ. ಆದರೆ 24 ತಿಂಗಳಿಗೊಮ್ಮೆ ಬೋಧಕರ ಜೊತೆ ಹಾರಿ ತೋರಿಸಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು. ವೈದ್ಯಕೀಯ ಅರ್ಹತೆಯ ದಾಖಲೆ ಬೇರೆ. ಇಷ್ಟು ತಿಳಿದುಕೊಂಡು ಹೋದರೆ ನೀವು ವಿಮಾನದ ಬಗ್ಗೆ ಮಾತಾಡಲು ಬಂದವರು ಅಂತ ಅವರಿಗೆ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ.

ಮೊದಲ ಸಂಪರ್ಕ ಪತ್ರದ ಮೂಲಕವೇ ಆಗಲಿ, ಅವರು ಹಾರುವ ಸಂಸ್ಥೆಯ ಕೈಯಿಂದಲೇ ಹೋಗಲಿ. ಒಂದೇ ಪುಟ, ದಪ್ಪ ಅಕ್ಷರ. ನೀವು ಯಾರು, ಎಷ್ಟು ಹೊತ್ತು ಬೇಕು, ರೆಕಾರ್ಡಿಂಗ್ ಕೊನೆಗೆ ಎಲ್ಲಿಗೆ ಹೋಗುತ್ತದೆ, ಈ ಮೂರು ಸಾಕು. ಸಮಯ ಬೆಳಿಗ್ಗೆ ಹತ್ತರ ಸುಮಾರಿಗೆ ಇಟ್ಟುಕೊಳ್ಳಿ, ಒಂದೂವರೆ ಗಂಟೆ ಮೀರಬೇಡಿ. ಹೇಗೆ ಕರೆಯಲಿ ಅಂತ ಅವರನ್ನೇ ಕೇಳಿ. ‘ಕರ್ನಲ್’ ಅನ್ನಿಸಿಕೊಳ್ಳಲು ಇಷ್ಟಪಡುವವರೂ ಇದ್ದಾರೆ, ಆ ಪದ ಕೇಳಿದರೆ ಮುಖ ಗಂಟಿಕ್ಕುವವರೂ ಇದ್ದಾರೆ.

ಮಾತು ಶುರುಮಾಡಲು, ಪೈಲಟ್ ತನ್ನ ಒಂದೊಂದು ಹಾರಾಟವನ್ನೂ ಬರೆದಿಡುವ ಲಾಗ್‌ಬುಕ್‌ಗಿಂತ ಒಳ್ಳೆಯ ಆಸರೆ ಇಲ್ಲ. ‘ಯುದ್ಧ ಹೇಗಿತ್ತು?’ ಅಂದರೆ ಹತ್ತು ಸಲ ಹೇಳಿ ಸವೆದ ಕಥೆಯೇ ಬರುತ್ತದೆ. ಒಂದು ಸಾಲಿನ ಮೇಲೆ ಬೆರಳಿಟ್ಟು ‘ಈ ದಿನ 2.4 ಗಂಟೆ ಹಾರಿದ್ದೀರಿ, ಮರುದಿನ ಎರಡು ಸಲ ಹೋಗಿದ್ದೀರಿ, ಯಾಕೆ?’ ಅಂತ ಕೇಳಿದರೆ ಅವರೇ ಮರೆತಿದ್ದ ದಿನವೊಂದು ಎದ್ದುಬರಬಹುದು. ನೌಕಾಪಡೆ ಮತ್ತು ಮರೀನ್ ಪೈಲಟ್‌ಗಳ ಲಾಗ್‌ಬುಕ್‌ನಲ್ಲಿ ಶಾಯಿಯ ಬಣ್ಣವನ್ನೂ ಗಮನಿಸಿ: ಕದನದ ಹಾರಾಟವನ್ನು ಹಸಿರಿನಲ್ಲಿ, ರಾತ್ರಿಯ ಹಾರಾಟವನ್ನು ಕೆಂಪಿನಲ್ಲಿ ಬರೆಯುವುದು ಅಲ್ಲಿನ ವಾಡಿಕೆ. ನೆನಪಿಗೂ ಲಾಗ್‌ಬುಕ್‌ಗೂ ತಾಳೆಯಾಗದಿದ್ದರೆ ತಿದ್ದಲು ಹೋಗಬೇಡಿ, ಎರಡನ್ನೂ ಬರೆದಿಟ್ಟುಕೊಳ್ಳಿ. ಎಷ್ಟು ಜನರನ್ನು ಕೊಂದಿರಿ ಅನ್ನುವ ಪ್ರಶ್ನೆ ಬೇಡವೇ ಬೇಡ. ಅವರು ಮೌನವಾದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳಕ್ಕೋ ಎಂಟಕ್ಕೋ ಬಾಯಿ ಹಾಕಿದಿರೋ, ಬರಬೇಕಿದ್ದ ಮಾತು ವಾಪಸ್ ಹೋಗುತ್ತದೆ.

ಪುಸ್ತಕವನ್ನು ಮನೆಗೆ ಒಯ್ಯುತ್ತೇನೆ ಅನ್ನಬೇಡಿ. ತೊಳೆದು ಒರೆಸಿದ ಕೈಯಲ್ಲಿ ಹಾಳೆ ತಿರುವಿ, ಕಿಟಕಿ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಪ್ರತಿ ಪುಟದ ಫೋಟೊ ತೆಗೆಯಿರಿ, ಹಿಂಬದಿಯ ಗೀಚುಬರಹ ಸಮೇತ. ಇಷ್ಟು ಜೋಪಾನಕ್ಕೆ ಕಾರಣವಿದೆ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ಸೈನಿಕ ದಾಖಲೆಗಳ ಕಚೇರಿಗೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಕಡತಗಳು ಹೋದವು. 1947ರಿಂದ 1964ರ ನಡುವೆ ವಾಯುಪಡೆ ಬಿಟ್ಟವರ ಕಡತಗಳೂ ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವು. ಹಾಗಾಗಿ ನಿಮಗೆ ಸಿಕ್ಕಿದವರು ಕೊರಿಯಾ ಯುದ್ಧದ ಕಾಲದವರಾದರೆ, ಅವರ ಕಪಾಟಿನಲ್ಲಿರುವುದೇ ಕೊನೆಯ ಪ್ರತಿ ಇರಬಹುದು.

ಇನ್ನು ಕಿವಿಯ ವಿಷಯ. ವರ್ಷಗಟ್ಟಲೆ ಎಂಜಿನ್ ಸದ್ದು ಕೇಳಿದ ಕಿವಿ ಮೊದಲು ಕಳೆದುಕೊಳ್ಳುವುದು 3000ದಿಂದ 6000 ಹರ್ಟ್ಸ್‌ನ ಎತ್ತರದ ದನಿಗಳನ್ನು. ಸ್ವರ ಕೇಳುತ್ತದೆ, ಸ, ಶ, ಫ ಥರದ ವ್ಯಂಜನ ಜಾರಿಹೋಗುತ್ತದೆ. ಅದಕ್ಕೇ ಕೂಗಿದರೆ ಉಪಯೋಗವಿಲ್ಲ. ಸದ್ದು ಹೆಚ್ಚುತ್ತದೆಯೇ ಹೊರತು ಪದ ಬಿಡಿಸಿ ಕೇಳುವುದಿಲ್ಲ. ದನಿಯ ಶ್ರುತಿ ತಗ್ಗಿಸಿ, ನಿಧಾನ ಮಾಡಿ, ಎದುರಿಗೇ ಕೂತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ತುಟಿಯ ಚಲನೆ ಅವರಿಗೆ ಕಾಣುವುದಿಲ್ಲ. ಫ್ಯಾನ್ ಆರಿಸಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣಿನಷ್ಟು ಕೆಳಗೆ ಸಿಕ್ಕಿಸಿ, ಪಕ್ಕದಲ್ಲಿ ಇನ್ನೊಂದು ರೆಕಾರ್ಡರ್ ಓಡುತ್ತಿರಲಿ.

ಹಾರಾಟದ ದಿನ ಜೊತೆಗೆ ಬರುತ್ತೇನೆ ಅನ್ನುವ ಆಸೆ ಸಹಜ. ಮೊದಲು ಲೆಕ್ಕ ಹಾಕಿ. ನಾಲ್ಕು ಸೀಟಿನ ವಿಮಾನ ಇಂಧನವೂ ಸೇರಿ 400 ಕಿಲೊ ಹೊರುತ್ತದೆ ಅಂದುಕೊಳ್ಳಿ. ವಿಮಾನದ ಪೆಟ್ರೋಲ್ ಲೀಟರಿಗೆ ಸುಮಾರು 0.72 ಕಿಲೊ, 200 ಲೀಟರ್ ಅಂದರೆ 144 ಕಿಲೊ. ಉಳಿದದ್ದು 256. ಪೈಲಟ್ 80, ರೋಗಿ 75, ಜೊತೆಗಾರರು 75 ಆದರೆ ಮಿಕ್ಕಿದ್ದು 26 ಕಿಲೊ. ಅದರಲ್ಲಿ ಲಗೇಜೂ ಬರಬೇಕು. ನಾಲ್ಕನೇ ಸೀಟು ಖಾಲಿ ಕಾಣುತ್ತದೆ, ಖಾಲಿ ಇರುವುದಿಲ್ಲ. ರೋಗಿ ಇಲ್ಲದ ಬೇರೊಂದು ಹಾರಾಟಕ್ಕೆ ಕೇಳಿಕೊಳ್ಳಿ, ನಿಮ್ಮ ತೂಕವನ್ನು ಬ್ಯಾಗು, ಕ್ಯಾಮೆರಾ, ಶೂ ಸಮೇತ ನಿಜವಾಗಿ ಹೇಳಿ.

ಬೇರೆ ಹಾರಾಟಕ್ಕೆ ಕೂತಾಗ ದುಡ್ಡಿನ ವಿಷಯದಲ್ಲಿ ಎಚ್ಚರ. ಖಾಸಗಿ ಪೈಲಟ್ ಹಾರಿಸಿದ್ದಕ್ಕೆ ಸಂಭಾವನೆ ಪಡೆಯುವಂತಿಲ್ಲ. ಇಂಧನ, ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ, ಇವಿಷ್ಟರಲ್ಲಿ ನಿಮ್ಮ ತಲಾ ಪಾಲು ಕೊಡಬಹುದು, ಅದೂ ಇಬ್ಬರಿಗೂ ಅಲ್ಲಿಗೆ ಹೋಗುವ ಕೆಲಸ ಇದ್ದಾಗ. ಇಬ್ಬರೇ ಇದ್ದರೆ ಅರ್ಧ. ಪ್ರೀತಿಯಿಂದ ಪೂರ್ತಿ ಇಂಧನ ತುಂಬಿಸಿದರೂ ಅವರ ಲೈಸೆನ್ಸಿಗೆ ಕುತ್ತು.

ಹಾರುವ ಮೊದಲಿನ ತಪಾಸಣೆ ನೋಡಲೇಬೇಕಾದದ್ದು, ಆದರೆ ಬಾಯಿ ಮುಚ್ಚಿಕೊಂಡು. ರೆಕ್ಕೆಯ ಅಡಿಯಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ಆಕಾಶಕ್ಕೆ ಹಿಡಿಯುತ್ತಾರೆ: ತಿಳಿ ನೀಲಿ ಇರಬೇಕು, ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಂತೆ ಕೂರುತ್ತದೆ. ಮಧ್ಯೆ ನೀವೇನಾದರೂ ಕೇಳಿದರೆ ಒಂದು ಹೆಜ್ಜೆ ತಪ್ಪಬಹುದು; ಪಳಗಿದವರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಪ್ರೊಪೆಲರ್‌ಗೆ ಕೈ ಒರಗಿಸಿ ಫೋಟೊ ತೆಗೆಸಿಕೊಳ್ಳಬೇಡಿ. ಕೀ ಆಫ್ ಇದ್ದರೂ ಕಿಡಿ ಹುಟ್ಟಿಸುವ ಮ್ಯಾಗ್ನೆಟೊವನ್ನು ಸುಮ್ಮನಾಗಿಸುವ ಗ್ರೌಂಡ್ ವೈರ್ ಕಡಿದಿದ್ದರೆ, ಬ್ಲೇಡು ತುಸು ತಿರುಗಿದರೂ ಎಂಜಿನ್ ಕಿಡಿ ಹೊಡೆಯಬಹುದು.

ಒಳಗೆ ಕೂತ ಮೇಲೆ ಹೆಡ್‌ಸೆಟ್ಟಿನ ಮೈಕು ತುಟಿಗೆ ತಾಗುವಷ್ಟು ಹತ್ತಿರ ಇರಲಿ. ದನಿ ಕೇಳಿದಾಗಲಷ್ಟೇ ಇಂಟರ್‌ಕಾಮ್ ತೆರೆದುಕೊಳ್ಳುವುದರಿಂದ ಮೈಕು ದೂರ ಇದ್ದರೆ ಮೊದಲ ಪದವೇ ಕತ್ತರಿಸಿಹೋಗುತ್ತದೆ. ಫೋನಿನ ಮೈಕಿಗೆ ಅಲ್ಲಿ ಸಿಗುವುದು ಬರೀ ಎಂಜಿನ್ ಸದ್ದು, ಇಂಟರ್‌ಕಾಮ್‌ಗೆ ಸೇರುವ ರೆಕಾರ್ಡಿಂಗ್ ಕೇಬಲ್ ತನ್ನಿ. ಟೇಕಾಫ್, ಲ್ಯಾಂಡಿಂಗ್, ರೇಡಿಯೊ ಮಾತು, ಈ ಮೂರರಲ್ಲಿ ನಿಮ್ಮ ಪ್ರಶ್ನೆಗೆ ಜಾಗವಿಲ್ಲ. ಹವೆ ಕೆಟ್ಟು ಅವರು ‘ಇವತ್ತು ಬೇಡ’ ಅಂದರೆ, ನೀವು ಎಷ್ಟೇ ದೂರದಿಂದ ಬಂದಿದ್ದರೂ ಆ ಮಾತು ಎತ್ತಬೇಡಿ.

ಯೋಧರ ನೆನಪುಗಳನ್ನು ಕೂಡಿಡುವ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯದ ಯೋಧರ ಇತಿಹಾಸ ಯೋಜನೆಗೆ ಕಳುಹಿಸುವ ಇರಾದೆ ಇದ್ದರೆ ಕತ್ತರಿಸದ ರೆಕಾರ್ಡಿಂಗ್ ಕನಿಷ್ಠ 30 ನಿಮಿಷ ಇರಬೇಕು, ಪೈಲಟ್ ಸಹಿ ಮಾಡಿದ ಒಪ್ಪಿಗೆ ಪತ್ರವೂ ಬೇಕು. ಸಹಿಯನ್ನು ಅದೇ ದಿನ ತೆಗೆದುಕೊಳ್ಳಿ. ಮಾತನ್ನು ಬರಹಕ್ಕಿಳಿಸಿದ ಮೇಲೆ ಸಾಲುಗಳ ನಡುವೆ ಜಾಗ ಬಿಟ್ಟು, ದಪ್ಪ ಅಕ್ಷರದಲ್ಲಿ ಮುದ್ರಿಸಿ, ಒಂದು ಪೆನ್ಸಿಲ್ ಸಮೇತ ಅವರಿಗೆ ಕೊಡಿ. ನೆಲೆಗಳ ಹೆಸರು, ವಿಮಾನದ ಮಾದರಿ, ರೇಡಿಯೊದಲ್ಲಿ ಕರೆಯುವ ಹೆಸರು ಅಂದರೆ ಕಾಲ್‌ಸೈನ್‌ಗಳಲ್ಲಿ ಹೆಚ್ಚಿನ ತಪ್ಪು ಸಿಗುವುದು ಆಗಲೇ.