ಮೊದಲು ಆಸ್ಪತ್ರೆಗೆ, ಆಮೇಲೆ ಸ್ಟೇಷನ್‌ಗೆ

ಸಿಂಧನೂರು ಕಡೆಯಿರಲಿ, ದೇವದುರ್ಗದ ಕಡೆಯಿರಲಿ, ಹೆಣ್ಣುಮಗಳ ಮೇಲೆ ಅತ್ಯಾಚಾರ ಆಗಿದೆ ಅಂದ ಕೂಡಲೇ ಊರ ಹಿರಿಯರು ಕೂರುತ್ತಾರೆ, ಮಾತು ನಡೆಯುತ್ತದೆ, ರಾತ್ರಿ ಕಳೆದುಹೋಗುತ್ತದೆ. ಮೊದಲು ಆಸ್ಪತ್ರೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಯೋ, ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯೋ, ಪಕ್ಕದ ಖಾಸಗಿ ನರ್ಸಿಂಗ್ ಹೋಮೋ, ಯಾವುದು ಹತ್ತಿರವೋ ಅದು.

ಹೊರಡುವ ಮುಂಚೆ ಸ್ನಾನ ಬೇಡ, ಬಟ್ಟೆ ಬದಲಿಸುವುದೂ ಬೇಡ. ಬದಲಿಸಿಬಿಟ್ಟಿದ್ದರೆ ಹಳೇ ಬಟ್ಟೆಯನ್ನು ಒಗೆಯದೆ ಪೇಪರ್ ಕವರ್‌ಗೆ ಹಾಕಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಸಾಕ್ಷ್ಯ ಹಾಳಾಗುತ್ತದೆ. ಆಸ್ಪತ್ರೆಯವರು ಮೈಮೇಲಿನ ಬಟ್ಟೆ ತೆಗೆದಿಟ್ಟುಕೊಳ್ಳುತ್ತಾರೆ, ಆದ್ದರಿಂದ ಇನ್ನೊಂದು ಜೊತೆ ಜತೆಗಿರಲಿ. ಸ್ನಾನ ಆಗಿಹೋಗಿದೆಯಾ? ಆದರೂ ಹೋಗಿ.

ಕೌಂಟರ್‌ನಲ್ಲಿ 'ಎಫ್‌ಐಆರ್ ಎಲ್ಲಿ' ಅಂತ ಕೇಳಿದರೆ ಹೆದರಬೇಡಿ. ಎಫ್‌ಐಆರ್ ಇಲ್ಲದೆಯೂ ಚಿಕಿತ್ಸೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಪ್ರಕಾರ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ತಕ್ಷಣ, ಪುಕ್ಕಟೆಯಾಗಿ ನೋಡಬೇಕು, ಪೊಲೀಸರಿಗೆ ತಿಳಿಸುವುದೂ ಅವರದೇ ಕೆಲಸ. 'ನಮ್ಮಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಲ್ಲ, ರಾಯಚೂರಿಗೆ ಹೋಗಿ' ಅಂದರೆ, ಅದನ್ನೇ ಬರೆದುಕೊಡಿ ಅನ್ನಿ. ಚಿಕಿತ್ಸೆ ಕೊಡದ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಅಡಿ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು.

ವಯಸ್ಕ ಹೆಣ್ಣುಮಗಳು ಈಗಲೇ ದೂರು ಕೊಡಲ್ಲ ಅಂದರೆ ವೈದ್ಯರು ಹಾಗೆಂದು ಬರೆದುಕೊಳ್ಳುತ್ತಾರೆ, ಅಷ್ಟಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. 18 ತುಂಬದ ಮಕ್ಕಳ ವಿಷಯ ಬೇರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ಹೇಳಲೇಬೇಕು, ಹುಡುಗಿಯಾದರೆ ಮಹಿಳಾ ವೈದ್ಯರೇ ಪರೀಕ್ಷೆ ಮಾಡಬೇಕು, ಅಪ್ಪ ಅಮ್ಮನೋ ಮಗು ನಂಬುವ ಇನ್ಯಾರೋ ಜತೆಗಿರಬೇಕು.

ಪರೀಕ್ಷೆಗೆ ಒಪ್ಪಿಗೆ ಬೇಕು. ಯಾವುದೋ ಒಂದು ಭಾಗಕ್ಕೆ ಬೇಡ ಅನ್ನಬಹುದು, ಮಾತ್ರೆ ಮಾತ್ರ ಸಾಕು ಅಂತಲೂ ಹೇಳಬಹುದು. ಎರಡು ಬೆರಳಿನ ಪರೀಕ್ಷೆ, ಅಂದರೆ ಯೋನಿಯೊಳಗೆ ಬೆರಳು ಹಾಕಿ ನೋಡುವುದು, ಮಾಡುವಂತೆಯೇ ಇಲ್ಲ. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆ ಆಗಿದೆಯಾ, ಮುಂಚೆ ಯಾರ ಜತೆಗಾದರೂ ಸಂಬಂಧ ಇತ್ತಾ ಅನ್ನೋ ಪ್ರಶ್ನೆಗೂ ಗಾಯಕ್ಕೂ ಏನು ಸಂಬಂಧ, ಅಲ್ವಾ?

ಇನ್ನು ಮಾತ್ರೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು, ನಡುವೆ ಬಿಡಬಾರದು. ಗರ್ಭ ತಡೆಯುವ ಮಾತ್ರೆ ಬೇಗ ಆದಷ್ಟೂ ಒಳ್ಳೆಯದು, 5 ದಿನ ದಾಟಿದರೆ ಪ್ರಯೋಜನವಿಲ್ಲ. ವೈದ್ಯರು ತಾವಾಗಿ ಹೇಳದಿದ್ದರೆ ಬಾಯಿಬಿಟ್ಟು ಕೇಳಿ. ಹಿರಿಯರ ಪಂಚಾಯಿತಿ ನಾಳೆ ನಡೆದರೂ ನಡೆದೀತು, ಈ ಗಂಟೆಗಳು ಕಾಯುವುದಿಲ್ಲ.

ಹೊರಡುವಾಗ ವರದಿಯ ಪ್ರತಿ ಕೇಳಿ ಪಡೆಯಿರಿ, ಅದೂ ಪುಕ್ಕಟೆ. ಆಮೇಲೆ ದೂರು ಯಾವ ಸ್ಟೇಷನ್‌ನಲ್ಲಾದರೂ ಕೊಡಬಹುದು, 'ನಮ್ಮ ವ್ಯಾಪ್ತಿ ಅಲ್ಲ' ಅಂತ ಸಾಗಹಾಕುವಂತಿಲ್ಲ. ಯಾರಾದರೂ ಅಡ್ಡಿ ಮಾಡಿದರೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಪುಕ್ಕಟೆ ವಕೀಲರು ಬೇಕಿದ್ದರೆ 15100.