ಹಳೇ ಮೆರವಣಿಗೆಯ ನೆನಪು ಬರೆದಿಡುವುದು ಹೇಗೆ

ಮನೆಯಲ್ಲಿ ಕೂತು ಬರೆಯಬೇಡಿ. ಚಪ್ಪಲಿ ಮೆಟ್ಟಿಕೊಂಡು ಆ ರಸ್ತೆಗೇ ಹೋಗಿ. ನನ್ನದು ನ್ಯಾಷನಲ್ ಕಾಲೇಜಿನಿಂದ ಟೌನ್ ಹಾಲ್‌ವರೆಗಿನ ದಾರಿ. 2008ರ ಜೂನ್ 29, ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ, ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು ತಮ್ಮ ಹಕ್ಕಿಗಾಗಿ ಬೀದಿಗಿಳಿದು ನಡೆಯುವ ಮೆರವಣಿಗೆ. ಅವತ್ತು ಭಾನುವಾರ, ಹಾಗಾಗಿ ನಾನು ಮತ್ತೆ ಹೋಗಿದ್ದೂ ಭಾನುವಾರವೇ. ವಾರದ ದಿನ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳ ಮುಂದೆ ಸುಮ್ನೆ ನಿಂತು ಯೋಚಿಸಲು ಯಾರು ಬಿಡ್ತಾರೆ?

ಹೋದ ತಕ್ಷಣ ಫೋಟೊ ಹೊಡೆಯಬೇಡಿ. ಮೈಗೆ ಏನು ನೆನಪಿದೆ ಅಂತ ನೋಡಿ. ನನಗೆ ಮೊದಲು ನೆನಪಾಗಿದ್ದು ಕಿವಿ ಹಿಂದಿನ ಉರಿ. ಅವತ್ತು ಮಾಸ್ಕ್ ಹಾಕಿದ್ದೆ, ಅದರ ಎಲಾಸ್ಟಿಕ್ ತುಂಬಾ ಬಿಗಿ. ಚಿಕ್ಕಪ್ಪನ ಮನೆ ವಿ.ವಿ. ಪುರಂನಲ್ಲೇ ಇತ್ತು. ಮಿನರ್ವ ಸರ್ಕಲ್ ಹತ್ತಿರ ಬಂದಾಗ ಗುಂಪಿನ ನಡುವೆ ತೂರಿಕೊಂಡಿದ್ದೆ.

ಬರೆದ ಮೇಲೆ ನಿಮ್ಮ ಮೇಲೆಯೇ ಅನುಮಾನ ಪಡಿ. ಈ ಕೆಲಸಕ್ಕೇ ಜಾಸ್ತಿ ಹೊತ್ತು ಕೊಡಿ. ಮೆಟ್ರೋ ನಿಲ್ದಾಣದ ನೆರಳಲ್ಲಿ ಸೇರಿದ್ದೆವು ಅಂತ ನಾನು ಬರೆದುಬಿಟ್ಟಿದ್ದೆ. ನ್ಯಾಷನಲ್ ಕಾಲೇಜು ನಿಲ್ದಾಣ ಶುರುವಾಗಿದ್ದೇ 2017ರಲ್ಲಿ! ಕೋರ್ಟ್ ನಮ್ಮ ಪರ ಹೇಳಿತು ಅಂತ ಕುಣಿದೆವು ಎಂದೂ ಬರೆದಿದ್ದೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಸೆಕ್ಷನ್ ಬಗ್ಗೆ ದೆಹಲಿ ಹೈಕೋರ್ಟ್‌ನಿಂದ ನಮ್ಮ ಪರ ತೀರ್ಪು ಬಂದಿದ್ದು 2009ರ ಜುಲೈ 2ಕ್ಕೆ. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟ್ ನಮ್ಮ ಕೈ ಹಿಡಿಯಿತು. ಅಂದರೆ ನಾವು ಮೊದಲ ಸಲ ನಡೆದಾಗ ನಮ್ಮ ಪ್ರೀತಿ ಇನ್ನೂ ಅಪರಾಧವೇ ಆಗಿತ್ತು, ಅಲ್ವಾ? ಆಮೇಲಿನ ಖುಷಿ ಆ ಭಯವನ್ನು ತಿಂದುಹಾಕಿತ್ತು.

ಅದಕ್ಕೇ ಒಂದು ಹಾಳೆಯಲ್ಲಿ ಇಸವಿಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳಿ. ತಪ್ಪು ಜಾಗಕ್ಕೆ ಬಂದ ನೆನಪನ್ನು ಹೊಡೆದುಹಾಕಬೇಡಿ, ಅದರ ಇಸವಿಯ ಎದುರಿಗೆ ಎತ್ತಿಡಿ. ಆ ಕುಣಿತ 2018ರದ್ದು.

ಪಕ್ಕದಲ್ಲಿ ನಡೆದವರ ಹೆಸರನ್ನು ಅವರನ್ನು ಕೇಳದೆ ಬರೆಯಬೇಡಿ. ಫೋಟೊಗೂ ಅಷ್ಟೇ. ನನ್ನ ಗೆಳೆಯನಿಗೆ ಫೋನ್ ಮಾಡಿದೆ. "ಹಸಿರು ಶರ್ಟಿನವನು ಅಂತ ಹಾಕು ಮಾರಾಯ, ಸಾಕು" ಅಂದ. ಹಾಗೇ ಹಾಕಿದ್ದೇನೆ.

ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಿರಿ. ಟೌನ್ ಹಾಲ್ ಕಂಬದ ಮರೆಯಲ್ಲಿ ನೀರು ಕುಡಿಯಲು ಮಾಸ್ಕ್ ತೆಗೆದೆ. ಮತ್ತೆ ಹಾಕಿಕೊಂಡೆನಾ? ಗೊತ್ತಿಲ್ಲ. ಹಾಕಿಕೊಂಡೆ ಅನ್ನುತ್ತಾನೆ ಹಸಿರು ಶರ್ಟಿನವನು.